ಇಕಾಲುಯಿಟ್‌ನಿಂದ ಯೆಲ್ಲೋನೈಫ್‌ಗೆ ನಿಜಕ್ಕೂ ಎಷ್ಟು ದೂರ?

ಪ್ರಶ್ನೆ: ನಾನು ಮೈಸೂರಿನವನು, ನಿವೃತ್ತ ಬ್ಯಾಂಕ್ ನೌಕರ. ಮಗಳು ಕೆನಡಾದ ಉತ್ತರದ ತುದಿಯಲ್ಲಿರುವ ಇಕಾಲುಯಿಟ್ ಎಂಬ ಊರಿನ ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ತರಬೇತಿಗೆಂದು ಯೆಲ್ಲೋನೈಫ್‌ಗೆ ಹೋಗಬೇಕಂತೆ. ಎಷ್ಟು ದೂರ ಎಂದು ನೋಡಲು ಹೋಗಿ ತಲೆ ಕೆಟ್ಟಿದೆ. ಒಂದು ಕಡೆ 2,263 ಎಂದಿದೆ, ಇನ್ನೊಂದು ಕಡೆ 1,406, ಮತ್ತೊಂದು ಕಡೆ 1,222. ಮನೆಯ ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟೆ. ಬೆಂಗಳೂರು–ದೆಹಲಿ 5 ಸೆಂಟಿಮೀಟರ್ ಬಂದರೆ ಇದು 14 ಬಂತು. ಹಾಗಾದರೆ 4,700 ಕಿ.ಮೀ. ದಾಟುತ್ತದಲ್ಲವೇ? ಟಿಕೆಟ್‌ನಲ್ಲಿ ಹೊರಡುವುದು ಬೆಳಗ್ಗೆ 9ಕ್ಕೆ, ತಲುಪುವುದು ಮಧ್ಯಾಹ್ನ 1.15ಕ್ಕೆ. ವಾಪಸ್ ಬರುವಾಗ 9ಕ್ಕೆ ಹೊರಟು ಸಂಜೆ 5ಕ್ಕೆ ತಲುಪುತ್ತಾಳೆ. ಬರುವಾಗ ಸುತ್ತು ಹಾಕುತ್ತಾರೆಯೇ? ಅಲ್ಲಿ ದಿಕ್ಸೂಚಿ ಕೆಲಸ ಮಾಡುವುದಿಲ್ಲ, ಚಳಿಗೆ ಇಂಧನ ಹೆಪ್ಪುಗಟ್ಟುತ್ತದೆ ಎಂದೆಲ್ಲ ಪರಿಚಯದವರು ಹೇಳಿದರು. ವಿಮಾನವೂ ಚಿಕ್ಕದಂತೆ. ಒಟ್ಟಾವ ಮೇಲೆ ಬಳಸಿಕೊಂಡು ಹೋಗುವುದೇ ಕ್ಷೇಮವೇ?

ಉತ್ತರ: ನಿಮ್ಮ ಪ್ರಶ್ನೆ ದೂರದಿಂದ ಶುರುವಾಗಿದೆ. ಆದರೆ ನೀವು ಕೇಳುತ್ತಿರುವುದು ಮಗಳು ಕ್ಷೇಮವಾಗಿ ಹೋಗಿ ಬರುತ್ತಾಳಾ ಅಂತ, ಅಲ್ವಾ? ಬರುತ್ತಾಳೆ. ತಡವಾಗಿ ಬರಬಹುದು, ಆ ಸಾಧ್ಯತೆ ಚೆನ್ನಾಗಿಯೇ ಇದೆ. ನಾನು ಮಾಡಿದ್ದು ಡಿಸ್ಪ್ಯಾಚರ್ ಕೆಲಸ. ವಿಮಾನ ಹೊರಡುವ ಮೊದಲು ದಾರಿ, ಗಾಳಿ, ಇಂಧನ, ತೂಕ ಎಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಕೆಲಸ ಅದು. ಉತ್ತರದ ಊರುಗಳ ವಿಷಯದಲ್ಲಿ ನಮಗೆ ಕಿಲೋಮೀಟರ್ ಯಾವತ್ತೂ ತಲೆನೋವು ಕೊಡುವುದಿಲ್ಲ. ತಲೆನೋವು ಕೊಡುವುದು ಬೇರೆ. ಅದಕ್ಕೆ ಬರುತ್ತೇನೆ.

ಮೊದಲು ನಿಮ್ಮ ಮೂರು ಸಂಖ್ಯೆಗಳು. ಮೂರೂ ಸರಿಯೇ! 2,263 ಕಿಲೋಮೀಟರ್, 1,406 ಮೈಲಿ, 1,222 ನಾಟಿಕಲ್ ಮೈಲಿ. ಒಂದೇ ದೂರ, ಅಳತೆ ಮಾತ್ರ ಬೇರೆ. ವಿಮಾನ, ಹಡಗಿನವರು ನಾಟಿಕಲ್ ಮೈಲಿ ಬಳಸುತ್ತಾರೆ, ಒಂದಕ್ಕೆ 1.852 ಕಿ.ಮೀ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಹಾಗಾಗಿ ನಕಾಶೆ ಮೇಲೆ ಲೆಕ್ಕ ಹಾಕುವುದು ಸುಲಭ. ಕೆಲವು ವೆಬ್‌ಸೈಟ್‌ಗಳು ಯಾವ ಅಳತೆ ಅನ್ನುವುದನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದು ಬಿಡುತ್ತವೆ, ಓದುವವರಿಗೆ ಗೊಂದಲ.

ಇನ್ನು ನಿಮ್ಮ ಸ್ಕೇಲ್ ಲೆಕ್ಕ. ನೀವು ಅಳೆದದ್ದು ಸರಿಯಾಗಿಯೇ ಇದೆ. ತಪ್ಪಿರುವುದು ನಕಾಶೆ. ಗೋಡೆಗೆ ಹಾಕುವ ಪ್ರಪಂಚದ ನಕಾಶೆಗಳಲ್ಲಿ ಬಹಳಷ್ಟು ಮರ್ಕೇಟರ್ ಪದ್ಧತಿಯವು. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಹಡಗಿನವರ ಅನುಕೂಲಕ್ಕೆ ಮಾಡಿದ್ದು. ಅದರಲ್ಲಿ ದಿಕ್ಕು ಸರಿಯಾಗಿ ಸಿಗುತ್ತದೆ, ಆದರೆ ಧ್ರುವದ ಕಡೆ ಹೋದ ಹಾಗೆಲ್ಲ ಎಲ್ಲವೂ ಹಿಗ್ಗುತ್ತದೆ. ರೇಖಾಂಶದ ಒಂದು ಡಿಗ್ರಿ ಬೆಂಗಳೂರಿನ ಅಕ್ಷಾಂಶದಲ್ಲಿ ಸುಮಾರು 108 ಕಿ.ಮೀ. ಅದೇ ಒಂದು ಡಿಗ್ರಿ ಈ ಎರಡು ಊರುಗಳಿರುವ 63ನೇ ಡಿಗ್ರಿಯ ಆಸುಪಾಸಿನಲ್ಲಿ ಬರೀ 50 ಕಿ.ಮೀ. ಭೂಮಿ ಅಲ್ಲಿ ಕಿರಿದಾಗುತ್ತಾ ಹೋಗಿದೆ. ನಕಾಶೆ ಮಾತ್ರ ಎರಡನ್ನೂ ಒಂದೇ ಅಗಲಕ್ಕೆ ಎಳೆದು ತೋರಿಸುತ್ತದೆ. ಹಾಗಾಗಿ ನಿಮ್ಮ 14 ಸೆಂಟಿಮೀಟರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಹಿಗ್ಗು. ನಿಜವಾದ ದೂರ ಬೆಂಗಳೂರು–ದೆಹಲಿಯ ಒಂದೂಕಾಲು ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ. ಮಕ್ಕಳು ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದು ಅಂದುಕೊಳ್ಳುವುದೂ ಇದೇ ನಕಾಶೆ ನೋಡಿ.

ಇನ್ನೊಂದು ವಿಷಯ. ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಹಾಗಂತ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಹತ್ತಿರದ ದಾರಿ ಆಗುವುದಿಲ್ಲ. ದುಂಡು ಕುಂಬಳಕಾಯಿಯ ಮೇಲೆ ಎರಡು ಗುರುತು ಹಾಕಿ ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ತೊಟ್ಟಿನ ಕಡೆಗೆ ವಾಲುತ್ತದೆ. ಇಲ್ಲೂ ಅತಿ ಹತ್ತಿರದ ದಾರಿ ನಡುವೆ ಸುಮಾರು 200 ಕಿ.ಮೀ. ಉತ್ತರಕ್ಕೆ ಬಾಗಿ ಬರುತ್ತದೆ. ಆದರೆ ಅದರಿಂದ ಉಳಿಯುವುದು 50 ಕಿ.ಮೀ. ಕೂಡ ಅಲ್ಲ. ದೂರ ಉದ್ದವಾದಷ್ಟೂ ಉಳಿತಾಯ ದೊಡ್ಡದಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿದಾಗ ಉತ್ತರ ಧ್ರುವದ ಮೇಲೆ ಹಾರಿಸಿದ್ದು ನಿಮಗೆ ನೆನಪಿರಬಹುದು, ಪೈಲಟ್‌ಗಳೆಲ್ಲ ಮಹಿಳೆಯರು. ಅದೂ ಇದೇ ಲೆಕ್ಕ. ನಿಮ್ಮ ಮಗಳ ವಿಮಾನ ಮಾತ್ರ ಧ್ರುವದ ಹತ್ತಿರಕ್ಕೂ ಹೋಗುವುದಿಲ್ಲ. ಇಕಾಲುಯಿಟ್ ಇರುವುದೇ ಆರ್ಕ್ಟಿಕ್ ವೃತ್ತದ ದಕ್ಷಿಣಕ್ಕೆ. ಅಲ್ಲಿಂದ ಉತ್ತರ ಧ್ರುವ ಸುಮಾರು 2,900 ಕಿ.ಮೀ., ಅಂದರೆ ಯೆಲ್ಲೋನೈಫ್‌ಗಿಂತ ದೂರ.

ಈಗ ಗಂಟೆಯ ವಿಷಯ. ಸುತ್ತು ಏನೂ ಇಲ್ಲ. ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ಸಮಯ. ಇಕಾಲುಯಿಟ್ ಗಡಿಯಾರ ಯೆಲ್ಲೋನೈಫ್‌ಗಿಂತ ಎರಡು ಗಂಟೆ ಮುಂದೆ. ಭಾರತಕ್ಕೆಲ್ಲ ಒಂದೇ ಗಡಿಯಾರ ನೋಡಿದವರು ಇದನ್ನು ಮರೆಯುವುದು ಸಹಜ. ಹೋಗುವಾಗ ನಾಲ್ಕೂಕಾಲು ಗಂಟೆ ಅನ್ನಿಸಿದ್ದು ಅಸಲಿಗೆ ಆರೂಕಾಲು ಗಂಟೆ. ಬರುವಾಗ ಎಂಟು ಅನ್ನಿಸಿದ್ದು ಆರು. ಮಿಕ್ಕ ಕಾಲು ಗಂಟೆ ಗಾಳಿಯದು. ಆ ಭಾಗದಲ್ಲಿ ಮೇಲಿನ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ.

2,263 ಕಿ.ಮೀ.ಗೆ ಆರು ಗಂಟೆ ಯಾಕೆ ಅಂತ ಕೇಳುತ್ತೀರಿ. ದೆಹಲಿಗೆ ಬೆಂಗಳೂರಿಂದ ಮೂರು ಗಂಟೆ ಸಾಕಲ್ಲ? ಟಿಕೆಟ್ ಮತ್ತೊಮ್ಮೆ ನೋಡಿ, ನಡುವೆ ರ‍್ಯಾಂಕಿನ್ ಇನ್ಲೆಟ್ ಎಂದು ಬರೆದಿರುತ್ತದೆ. ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಊರು, ಜನ ಮೂರು ಸಾವಿರದಷ್ಟು. ಇಕಾಲುಯಿಟ್‌ನಿಂದ ಅಲ್ಲಿಗೆ ಸುಮಾರು 1,176 ಕಿ.ಮೀ., ಅಲ್ಲಿಂದ ಯೆಲ್ಲೋನೈಫ್‌ಗೆ 1,136. ಕೂಡಿಸಿದರೆ 2,312. ಅಂದರೆ ಆ ಊರಿಗೆ ಹೋಗಿ ಬರುವುದಕ್ಕೆ ಹೆಚ್ಚಾದದ್ದು ಬರೀ 50 ಕಿ.ಮೀ. ದೂರದ ಲೆಕ್ಕದಲ್ಲಿ ಏನೂ ಅಲ್ಲ. ಹೊತ್ತಿನ ಲೆಕ್ಕದಲ್ಲಿ ಮಾತ್ರ ತುಂಬ. ಕೆಳಗಿಳಿಯಬೇಕು, ಸಾಮಾನು ಇಳಿಸಬೇಕು, ಹತ್ತಿಸಬೇಕು, ಇಂಧನ ತುಂಬಬೇಕು, ರೆಕ್ಕೆಯ ಮೇಲೆ ಮಂಜು ಕೂತಿದ್ದರೆ ಬಿಸಿ ದ್ರಾವಣ ಸಿಂಪಡಿಸಿ ಕರಗಿಸಬೇಕು, ಮತ್ತೆ ಮೇಲೇರಬೇಕು. ಜೊತೆಗೆ ಈ ದಾರಿಯಲ್ಲಿ ಬಳಸುವ ಎಟಿಆರ್ 42 ತರಹದ ಪ್ರೊಪೆಲರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಜೆಟ್ ಆದರೆ 800.

ಇಷ್ಟು ಸಣ್ಣ ಊರುಗಳ ನಡುವೆ ಈ ದಾರಿ ಯಾಕೆ ಇದೆ ಅನ್ನುವುದೂ ಸ್ವಾರಸ್ಯವೇ. 1999ರ ಏಪ್ರಿಲ್ 1ರವರೆಗೆ ಎರಡೂ ಊರು ಒಂದೇ ಪ್ರಾಂತ್ಯದಲ್ಲಿದ್ದವು, ಯೆಲ್ಲೋನೈಫ್ ಅದರ ರಾಜಧಾನಿ. ಆ ದಿನ ಪೂರ್ವದ ಭಾಗ ಒಡೆದು ನುನಾವುಟ್ ಆಯಿತು, ಇಕಾಲುಯಿಟ್ ಅದರ ರಾಜಧಾನಿಯಾಯಿತು. ನುನಾವುಟ್ ಕರ್ನಾಟಕದ ಹತ್ತು ಪಟ್ಟು ದೊಡ್ಡದು. ಜನ ಮಾತ್ರ 2021ರ ಗಣತಿಯಲ್ಲಿ 37 ಸಾವಿರಕ್ಕೂ ಕಡಿಮೆ. ಅವರು 25 ಊರುಗಳಲ್ಲಿ ಹಂಚಿಹೋಗಿದ್ದಾರೆ. ಒಂದೂರಿಂದ ಇನ್ನೊಂದೂರಿಗೆ ರಸ್ತೆ ಇಲ್ಲ, ದಕ್ಷಿಣದಿಂದಲೂ ಅಲ್ಲಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಡಗು ಬರುತ್ತದೆ, ವರ್ಷಕ್ಕಾಗುವ ಡೀಸೆಲ್ಲೂ ಆಗಲೇ ಬರಬೇಕು. ಮಿಕ್ಕ ಎಲ್ಲಕ್ಕೂ ವಿಮಾನವೇ ಗತಿ: ಹಾಲು, ತರಕಾರಿ, ಔಷಧಿ, ರೋಗಿ, ಮೇಷ್ಟ್ರು, ಎಲ್ಲ. ಟಿಕೆಟ್ ಬೆಲೆ ನೋಡಿ ನಿಮಗೆ ಗಾಬರಿಯಾಗಿದ್ದರೆ ಕಾರಣ ಇದೇ.

ವಿಮಾನ ಚಿಕ್ಕದು ಎಂದಿರಿ. ಮೈಸೂರಿಗೆ ಬಂದಿಳಿಯುವ ಎಟಿಆರ್ 72 ನೋಡಿದ್ದೀರಲ್ಲ, ಅದರದೇ ಕುಟುಂಬದ ಚಿಕ್ಕ ವಿಮಾನ ಇದು. ಎರಡು ಎಂಜಿನ್, ಇಬ್ಬರು ಪೈಲಟ್. ಉತ್ತರದಲ್ಲಿ ಇದನ್ನು ಕಾಂಬಿ ಎಂದು ಬಳಸುವುದೂ ಉಂಟು. ಮುಂದಿನ ಭಾಗದಲ್ಲಿ ಸರಕು, ನಡುವೆ ಗೋಡೆ, ಹಿಂದೆ ಜನ. ಹಿಂಬಾಗಿಲಿಂದ ಹತ್ತಬೇಕು. ಮೊದಲ ಸಲ ಹತ್ತಿದವರು "ಇಷ್ಟೇನಾ ಸೀಟು?" ಎಂದು ಸುತ್ತ ನೋಡುತ್ತಾರೆ. ಗೋಡೆಯ ಆಚೆ ಮೊಟ್ಟೆಯ ಟ್ರೇಗಳೋ, ಸ್ನೋಮೊಬೈಲ್ ಬಿಡಿಭಾಗಗಳೋ ಇರುತ್ತವೆ. ಅಲ್ಲಿನ ಬಹುತೇಕ ಊರುಗಳಲ್ಲಿ ಜಲ್ಲಿ ಹಾಕಿದ ರನ್‌ವೇ. ಅಲ್ಲಿ ಇಳಿಯಲು ಪ್ರೊಪೆಲರ್ ವಿಮಾನವೇ ವಾಸಿ. ಹಳೇ ಬೋಯಿಂಗ್ 737-200ಗೆ ಕಲ್ಲು ಸಿಡಿಯದಂತೆ ಮೂತಿಯ ಚಕ್ರಕ್ಕೆ ತಡೆ ಹಾಕಿ ಬಳಸುತ್ತಿದ್ದರು. ಹೊಸ 737ಗಳ ಎಂಜಿನ್ ದಪ್ಪ, ನೆಲಕ್ಕೆ ತೀರ ಹತ್ತಿರ, ಜಲ್ಲಿಗೆ ಆಗಿಬರುವುದಿಲ್ಲ. ನಿಮ್ಮ ಮಗಳು ಇಳಿಯುವ ಮೂರೂ ಕಡೆ ಡಾಂಬರು ರನ್‌ವೇಯೇ ಇದೆ. ಇಕಾಲುಯಿಟ್‌ನದಂತೂ 2.6 ಕಿ.ಮೀ. ಉದ್ದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ವಾಯುನೆಲೆ ಮಾಡಿದ ಜಾಗ ಅದು. 2006ರಲ್ಲಿ ಏರ್‌ಬಸ್‌ನವರು ಎ380 ಚಳಿ ತಡೆಯುತ್ತದಾ ಎಂದು ಪರೀಕ್ಷೆ ಮಾಡಿದ್ದೂ ಅಲ್ಲೇ.

ದಿಕ್ಸೂಚಿ ಮಾತಿನಲ್ಲಿ ಅರ್ಧ ನಿಜ ಇದೆ. ಭೂಮಿಯ ಕಾಂತಧ್ರುವ ಬೇರೆ, ಭೂಗೋಳದ ಧ್ರುವ ಬೇರೆ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕಾಂತಧ್ರುವವನ್ನು ಪತ್ತೆ ಮಾಡಿದಾಗ ಅದು ಕೆನಡಾದ ಬೂತಿಯಾ ಪರ್ಯಾಯದ್ವೀಪದಲ್ಲಿತ್ತು. ಈಗ ಸರಿದು ಸರಿದು ಸೈಬೀರಿಯಾ ಕಡೆ ಹೋಗಿದೆ. ಆದರೂ ಇಕಾಲುಯಿಟ್‌ನಲ್ಲಿ ಮುಳ್ಳು ನಿಜವಾದ ಉತ್ತರದಿಂದ ಪಶ್ಚಿಮಕ್ಕೆ ತಿರುಗಿರುತ್ತದೆ, ಯೆಲ್ಲೋನೈಫ್‌ನಲ್ಲಿ ಪೂರ್ವಕ್ಕೆ. ಒಂದೇ ಪ್ರಯಾಣದಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳುತ್ತದೆ. ಇನ್ನೂ ಉತ್ತರಕ್ಕೆ ಹೋದರೆ ಮುಳ್ಳನ್ನು ನಂಬುವ ಹಾಗೇ ಇಲ್ಲ. ಅದಕ್ಕೇ ಉತ್ತರ ಕೆನಡಾದ ದೊಡ್ಡ ಭಾಗದಲ್ಲಿ ದಿಕ್ಕಿನ ಲೆಕ್ಕವನ್ನು ಕಾಂತದ ಉತ್ತರದ ಮೇಲೆ ಇಟ್ಟಿಲ್ಲ, ನಿಜವಾದ ಉತ್ತರದ ಮೇಲೇ ಇಟ್ಟಿದ್ದಾರೆ. ರನ್‌ವೇ ನಂಬರು ಕೂಡ ಹಾಗೇ. ಪೈಲಟ್ ದಾರಿ ನೋಡುವುದು ಜಿಪಿಎಸ್‌ನಲ್ಲಿ. ಮುಳ್ಳು ಅಲ್ಲಾಡಿದರೆ ವಿಮಾನ ದಾರಿ ತಪ್ಪುತ್ತದೆ ಅನ್ನುವ ಕಾಲ ಎಂದೋ ಹೋಯಿತು.

ಇಂಧನ ಹೆಪ್ಪುಗಟ್ಟುವುದು? ಸಾಮಾನ್ಯವಾಗಿ ಬಳಸುವ ಜೆಟ್ ಎ-1 ಇಂಧನಕ್ಕೆ ಮೈನಸ್ 47 ಡಿಗ್ರಿವರೆಗೆ ಏನೂ ಆಗುವುದಿಲ್ಲ. ಅದಕ್ಕಿಂತ ಚಳಿ ತಡೆಯುವ ಇಂಧನವೂ ಉಂಟು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಜೆಟ್ ಕೂಡ 35 ಸಾವಿರ ಅಡಿ ಮೇಲೆ ಮೈನಸ್ 40, 50ರ ಗಾಳಿಯಲ್ಲೇ ಹಾರುವುದು, ಯಾರೂ ಗಮನಿಸುವುದಿಲ್ಲ ಅಷ್ಟೇ. ಹೇಳಬೇಕೆಂದರೆ ಚಳಿ ವಿಮಾನಕ್ಕೆ ಒಳ್ಳೆಯದು. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಹಿಡಿತ ಜಾಸ್ತಿ, ಎಂಜಿನ್‌ಗೆ ಕಸುವು ಜಾಸ್ತಿ.

ಚಳಿಯಿಂದ ನಿಜಕ್ಕೂ ಹುಷಾರಾಗಿರಬೇಕಾದ ಒಂದು ಜಾಗ ಇದೆ, ಅದನ್ನು ಹೊರಗಿನವರು ಯಾರೂ ಕೇಳುವುದಿಲ್ಲ. ಎತ್ತರ ತೋರಿಸುವ ಮೀಟರ್. ಅದು ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ. ಕಡುಚಳಿಯಲ್ಲಿ ಗಾಳಿ ಕುಗ್ಗಿರುವುದರಿಂದ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನೆಲದಲ್ಲಿ ಮೈನಸ್ 35 ಇದ್ದಾಗ, ರನ್‌ವೇಯಿಂದ 1,000 ಅಡಿ ಮೇಲಿದ್ದೀರಿ ಎಂದು ಮುಳ್ಳು ಹೇಳಿದರೆ ವಿಮಾನ ನಿಜಕ್ಕೂ 800 ಅಡಿ ಹತ್ತಿರ ಇರುತ್ತದೆ. ಇಕಾಲುಯಿಟ್ ಸುತ್ತ ಗುಡ್ಡ ಇದೆ, ಹಾಗಾಗಿ ಇದು ಸಣ್ಣ ಮಾತಲ್ಲ. ಇದಕ್ಕೆ ಸಿದ್ಧ ಕೋಷ್ಟಕ ಇದೆ. ಪೈಲಟ್‌ಗಳು ಇಳಿಯುವ ಮೊದಲು ಪ್ರತಿ ಹಂತದ ಎತ್ತರಕ್ಕೂ ಅಷ್ಟಷ್ಟು ಅಡಿ ಸೇರಿಸಿಕೊಳ್ಳುತ್ತಾರೆ. ಉತ್ತರದಲ್ಲಿ ಹಾರುವವರಿಗೆ ಇದು ದಿನನಿತ್ಯದ ಕೆಲಸ.

ಆಗಲೇ ತಲೆನೋವು ಬೇರೆ ಎಂದೆನಲ್ಲ, ಅದು ಇಳಿಯಲು ಆಗದಿದ್ದರೆ ಎಲ್ಲಿಗೆ ಹೋಗುವುದು ಎನ್ನುವುದು. ಪ್ರತಿ ವಿಮಾನವೂ ಹೋಗುವ ಊರಿಗೆ ಸಾಕಾಗುವ ಇಂಧನ, ಅಲ್ಲಿ ಹವೆ ಕೆಟ್ಟರೆ ಇನ್ನೊಂದು ಊರಿಗೆ ಹೋಗುವಷ್ಟು ಇಂಧನ, ಅದರ ಮೇಲೆ ಇನ್ನೂ ಸ್ವಲ್ಪ ಕಾಯುವಷ್ಟು ಇಟ್ಟುಕೊಂಡೇ ಹೊರಡಬೇಕು. ಬೆಂಗಳೂರಿನಲ್ಲಿ ಮಂಜು ಮುಸುಕಿದರೆ ಚೆನ್ನೈ 300 ಕಿ.ಮೀ. ಒಳಗೇ ಇದೆ. ಇಕಾಲುಯಿಟ್‌ನಲ್ಲಿ ಬಿರುಗಾಳಿ ಎದ್ದರೆ? ದಕ್ಷಿಣಕ್ಕೆ ಕುಜ್ಜುಆಕ್, ಸುಮಾರು 630 ಕಿ.ಮೀ. ರ‍್ಯಾಂಕಿನ್‌ಗೆ ಇಳಿಯಲಾಗದಿದ್ದರೆ ಚರ್ಚಿಲ್, 460ರ ಮೇಲೆ. ಅಷ್ಟು ಇಂಧನ ಹೊತ್ತರೆ ತೂಕ ಬೇರೆ ಕಡೆ ಇಳಿಸಬೇಕು. ಹೀಗಾಗಿ ಸೀಟು ಖಾಲಿ ಕಾಣುತ್ತಿದ್ದರೂ "ಜಾಗ ಇಲ್ಲ" ಅನ್ನುತ್ತಾರೆ, ಜನ ಹೋಗಿ ಸೂಟ್‌ಕೇಸ್ ಹಿಂದೆ ಉಳಿಯುತ್ತದೆ. ಕೌಂಟರಿನಲ್ಲಿ ನಿಂತವರು ಬೈಗುಳ ತಿನ್ನುತ್ತಾರೆ, ಪಾಪ. ಲೆಕ್ಕ ಹಾಕಿದವರು ನಾವು. ಪರ್ಯಾಯ ಊರಿನ ಹವೆಯೂ ಕೆಟ್ಟಿದ್ದರೆ ವಿಮಾನ ಹೊರಡುವುದೇ ಇಲ್ಲ. ಹೊರಗೆ ಬಿಸಿಲು ಕಾಯುತ್ತಿರುತ್ತದೆ, ಒಳಗೆ ಜನ ಕಾಯುತ್ತಿರುತ್ತಾರೆ, ಯಾಕೆಂದು ಯಾರಿಗೂ ಅರ್ಥವಾಗುವುದಿಲ್ಲ.

ಜೊತೆಗೆ, ನಮಗೆ ಮೈನಸ್ 35ರ ಒಣ ಚಳಿ ವಾಸಿ. ಸೊನ್ನೆಯ ಆಸುಪಾಸಿನ ತೇವ ಚಳಿ ಬೇಡ. ರೆಕ್ಕೆಗೆ ಮಂಜುಗಡ್ಡೆ ಅಂಟುವುದು, ಹೆಪ್ಪುಗಟ್ಟುವ ಮಳೆ ಬೀಳುವುದು ಆಗಲೇ.

ಈಗ ದಾರಿ ಯಾವುದು ಅನ್ನುವುದಕ್ಕೆ ಬರೋಣ. ರ‍್ಯಾಂಕಿನ್ ಮೇಲಿನ ದಾರಿ ಹತ್ತಿರದ್ದು, ಒಂದೇ ದಿನದ್ದು. ಅದರ ಕೊರತೆ ಏನೆಂದರೆ ವಿಮಾನ ದಿನಾ ಇರುವುದಿಲ್ಲ, ವಾರಕ್ಕೆ ಕೆಲವೇ ಸಲ. ವೇಳಾಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಒಂದು ತಪ್ಪಿದರೆ ಮುಂದಿನದಕ್ಕೆ ದಿನಗಟ್ಟಲೆ ಕಾಯಬೇಕಾಗಬಹುದು. ನಡುವೆ ರ‍್ಯಾಂಕಿನ್‌ನಲ್ಲೇ ಸಿಕ್ಕಿಬಿದ್ದರೆ ಹೋಟೆಲ್ ಕೋಣೆ ಸಿಗುವುದೂ ಕಷ್ಟ, ಸಿಕ್ಕಿದರೆ ದುಬಾರಿ. ಹವಾಮಾನದಿಂದ ನಿಂತರೆ ವಿಮಾನ ಕಂಪನಿ ಕೋಣೆ ಕೊಡಲೇಬೇಕೆಂಬ ಕಡ್ಡಾಯ ಕೆನಡಾದ ನಿಯಮದಲ್ಲಿಲ್ಲ.

ನೀವು ಹೇಳಿದ ಬಳಸು ದಾರಿಯ ಲೆಕ್ಕ ಕೇಳಿ. ಇಕಾಲುಯಿಟ್‌ನಿಂದ ಒಟ್ಟಾವ ಸುಮಾರು 2,100 ಕಿ.ಮೀ. ಅಲ್ಲಿಂದ ಎಡ್ಮಂಟನ್ 2,850. ಎಡ್ಮಂಟನ್‌ನಿಂದ ಯೆಲ್ಲೋನೈಫ್ 1,000ಕ್ಕೆ ಸ್ವಲ್ಪ ಜಾಸ್ತಿ. ಒಟ್ಟು ಹತ್ತಿರ ಹತ್ತಿರ 6,000. ಎರಡೂವರೆ ಪಟ್ಟಿಗಿಂತ ಜಾಸ್ತಿ, ಎರಡು ಕಡೆ ವಿಮಾನ ಬದಲಿಸಬೇಕು, ಎಲ್ಲೋ ಒಂದು ರಾತ್ರಿ ಕಳೆಯಬೇಕಾಗಬಹುದು. ಇದು ಹೆಚ್ಚು ಕ್ಷೇಮ ಅಂತ ನಾನು ಹೇಳಲಾರೆ, ಎರಡೂ ಅಷ್ಟೇ ಕ್ಷೇಮ. ಇದರ ಅನುಕೂಲ ಬೇರೆ. ಒಂದು ವಿಮಾನ ತಪ್ಪಿದರೆ ಇನ್ನೊಂದು ಬೇಗ ಸಿಗುತ್ತದೆ, ದೊಡ್ಡ ಊರಿನಲ್ಲಿ ಇರಲು ಜಾಗ ಇರುತ್ತದೆ. ಆದರೆ ಇಕಾಲುಯಿಟ್‌ನಿಂದ ಹೊರಡುವ ಮೊದಲ ವಿಮಾನವೇ ಬಿರುಗಾಳಿಗೆ ನಿಂತರೆ ಈ ಅನುಕೂಲವೂ ಸುಮ್ನೆ. ಮೂರು ಕಡೆಯ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರಂತೂ ಮುಂದಿನ ಎರಡೂ ಕೈಬಿಟ್ಟ ಹಾಗೇ. ಅಗ್ಗ ಎಂದು ಹಾಗೆ ಕೊಳ್ಳುವವರನ್ನು ತುಂಬ ನೋಡಿದ್ದೇನೆ. ಒಂದೇ ಬುಕಿಂಗ್‌ನಲ್ಲಿ ಇರಲಿ.

ನಾನಾದರೆ ರ‍್ಯಾಂಕಿನ್ ದಾರಿಯನ್ನೇ ಹಿಡಿದು, ತರಬೇತಿ ಶುರುವಾಗುವುದಕ್ಕೆ ಒಂದು ವಿಮಾನ ಮೊದಲೇ ಹೊರಡುತ್ತೇನೆ. ಅಂದರೆ ಟಿಕೆಟ್ ತೆಗೆದ ವಿಮಾನ ರದ್ದಾದರೂ ಅದರ ಮುಂದಿನದು ಹಿಡಿದು ಸಮಯಕ್ಕೆ ಸೇರುವ ಹಾಗೆ. ಬರುವಾಗ ಅಷ್ಟು ಗಡಿಬಿಡಿ ಇರುವುದಿಲ್ಲ. ಆದರೆ ವಾಪಸ್ ಬಂದ ಮರುದಿನವೇ ಡ್ಯೂಟಿ ಹಾಕಿಸಿಕೊಳ್ಳಬೇಡ ಎಂದು ಹೇಳಿ. ಅಲ್ಲಿನ ಆಸ್ಪತ್ರೆಯವರಿಗೆ ಇದು ಗೊತ್ತಿರುತ್ತದೆ, ಹೊಸಬರೇ ಮರೆಯುವುದು. ಔಷಧಿ, ಚಾರ್ಜರ್, ಎರಡು ದಿನದ ಬಟ್ಟೆ ಕೈಚೀಲದಲ್ಲಿರಲಿ. ದಪ್ಪ ಜಾಕೆಟ್, ಬೂಟು ಸೂಟ್‌ಕೇಸ್‌ಗೆ ಹಾಕುವುದು ಬೇಡ, ಮೈಮೇಲೇ ಇರಲಿ. ರ‍್ಯಾಂಕಿನ್‌ನಲ್ಲಿ ವಿಮಾನದಿಂದ ಟರ್ಮಿನಲ್‌ಗೆ ನಡೆದೇ ಹೋಗಬೇಕು, ಗಾಳಿ ಮುಖಕ್ಕೆ ಹೊಡೆಯುತ್ತದೆ.

ತರಬೇತಿಯ ತಿಂಗಳು ಆರಿಸಿಕೊಳ್ಳುವ ಅವಕಾಶ ಇದೆಯೇ ಎಂದು ಅವಳನ್ನು ಕೇಳಿ ನೋಡಿ. ಇದ್ದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್. ಚಳಿ ಇರುತ್ತದೆ, ಆದರೆ ಒಣ ಚಳಿ, ಹಗಲೂ ಉದ್ದ. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ, ಮೋಡ, ತೇವ ಎಲ್ಲ ಒಟ್ಟಿಗೆ ಬರುತ್ತವೆ. ಆ ಎರಡು ತಿಂಗಳೇ ಸಿಕ್ಕರೆ ಒಂದು ವಿಮಾನದ ಬದಲು ಎರಡು ವಿಮಾನ ಮೊದಲೇ ಹೊರಡಲಿ.